ಸೈಟ್ ತಗೊಳ್ತೀನಿ ಅಂದರೆ ಸಾಕು, ಊರೆಲ್ಲ ಲಾಯರ್

ಒಂದು ಸೈಟ್ ನೋಡಬೇಕು ಅಂತ ಎರಡು ವರ್ಷದ ಹಿಂದೆ ಆಫೀಸಿನಲ್ಲಿ ಬಾಯಿ ತಪ್ಪಿ ಅಂದೆ. ಅಷ್ಟೇ. ಅವತ್ತಿನಿಂದ ಸಲಹೆ ಕೊಟ್ಟವರೆಲ್ಲ ಸಲಹೆ ಬದಲು ತಲೆಗೊಂದು ಜಂಬಿಟ್ಟಿಗೆ ಕಲ್ಲು ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಕಾಂಪೌಂಡ್ ಎದ್ದಿರುತ್ತಿತ್ತು.

ಯಾರು ಕೊಟ್ಟಿಲ್ಲ ಹೇಳಿ. ಕಟಿಂಗ್ ಮಾಡುವವರು ಕೊಟ್ಟರು. ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಕೊಟ್ಟರು. ಶಿವಮೊಗ್ಗದ ಗೋಪಿ ಸರ್ಕಲ್ ಹತ್ತಿರ ಕಾಫಿ ಕುಡಿಯುತ್ತಾ ನಾನು ಫೋನಿನಲ್ಲಿ ಬ್ರೋಕರ್ ಜೊತೆ ಮಾತಾಡಿದ್ದನ್ನು ಕೇಳಿಸಿಕೊಂಡ ಒಬ್ಬರು, ಮುಖ ಪರಿಚಯವೂ ಇಲ್ಲ, ಕುರ್ಚಿ ಎಳೆದುಕೊಂಡು ಬಂದು, "ಸರ್, ಏರ್‌ಪೋರ್ಟ್ ಕಡೆ ತಗೊಂಡುಬಿಡಿ, ಯೋಚನೆನೇ ಮಾಡಬೇಡಿ" ಅಂದರು. ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾಗಿದ್ದು 2023ರಲ್ಲಿ. ಅಲ್ಲಿಂದೀಚೆಗೆ ಶಿವಮೊಗ್ಗದಲ್ಲಿ ಎಲ್ಲ ಸೈಟೂ ಏರ್‌ಪೋರ್ಟ್‌ಗೆ ಹತ್ತಿರವೇ. ಭದ್ರಾವತಿಯದೂ ಹತ್ತಿರ, ಆಯನೂರಿನದೂ ಹತ್ತಿರ.

ಸುಮ್ನೆ ತಮಾಷೆಗೆ ಬರೆಯುತ್ತಿಲ್ಲ. ಈ ಸಲಹೆಗಳನ್ನು ನಂಬಿ ನಾನು ಒಂದು ಸೈಟಿಗೆ ಐವತ್ತು ಸಾವಿರ ಟೋಕನ್, ಅಂದರೆ ಮುಂಗಡ, ಕೊಟ್ಟವನು. ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಮೊದಲು ಅನ್ನಿಸಿದ್ದು, ಹೇಳಿದವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ ಅಂತ. ಅವರವರು ಕೊಂಡಾಗ ಅದೇ ನಿಜವಾಗಿತ್ತು. ನಮ್ಮ ಸೆಕ್ಷನ್ನಿನ ಒಬ್ಬರು ರಿಜಿಸ್ಟ್ರೇಶನ್ ಖರ್ಚು ಆರೂವರೆ ಪರ್ಸೆಂಟ್ ಚಿಲ್ಲರೆ ಅಂತ ಕಣ್ಣು ಮುಚ್ಚಿಕೊಂಡು ಲೆಕ್ಕ ಹಾಕಿಕೊಟ್ಟರು. ಲೆಕ್ಕ ಸರಿಯೇ. ಮುದ್ರಾಂಕ ಶುಲ್ಕ 5, ಅದರ ಮೇಲೆ ಸೆಸ್ಸು ಸರ್‌ಚಾರ್ಜು ಸೇರಿ 5.6, ನೋಂದಣಿ ಶುಲ್ಕ 1. ಆದರೆ ಆ 1 ಪರ್ಸೆಂಟ್ 2025ರ ಆಗಸ್ಟ್ ಕೊನೆಯಿಂದ 2 ಆಗಿದೆ. ಮೂವತ್ತು ಲಕ್ಷದ ಸೈಟಿಗೆ ಮೂವತ್ತು ಸಾವಿರ ಜಾಸ್ತಿ. ಅದನ್ನು ಹೇಳಿದರೆ, "ಹೌದಾ, ನಾವು ತಗೊಂಡಾಗ ಹಂಗಿರಲಿಲ್ಲಪ್ಪ" ಅಂತ ಟಿಫಿನ್ ಡಬ್ಬಿ ಮುಚ್ಚಿದರು.

ಕೃಷಿಕ ಅಲ್ಲದವನು ಜಮೀನು ಕೊಳ್ಳುವ ಹಾಗೇ ಇಲ್ಲ ಅಂತ ಈಗಲೂ ಹೇಳುವವರಿದ್ದಾರೆ. ಹಾಗೆ ತಡೆಯುತ್ತಿದ್ದ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್ ತೆಗೆದು ಹಾಕಿದ್ದು 2020ರಲ್ಲಿ. ಇನ್ನೊಬ್ಬರು, ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದರೆ ಅವರ ಸಹಿ ಬೇಕಿಲ್ಲ ಅಂದರು. ಇದನ್ನು ಕೇಳಿ ನನಗೆ ಹೆದರಿಕೆಯೇ ಆಯಿತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಹಿರಿಯರ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಮದುವೆ ಆಗಿರಲಿ ಬಿಡಲಿ. ಇಪ್ಪತ್ತು ವರ್ಷ ಆಯಿತು. ಹೇಳುವವರು ಮಾತ್ರ ತಮ್ಮ ಅಪ್ಪನ ಕಾಲದ ಪಾಲುಪಟ್ಟಿಯಲ್ಲೇ ಇದ್ದಾರೆ.

ಮತ್ತೆ ಬೆಂಗಳೂರಿನ ಜ್ಞಾನ ಇದೆಯಲ್ಲ, ಅದು ಇನ್ನೊಂದು ಕಥೆ. ಭಾವ ಯಲಹಂಕದಲ್ಲಿ ಫ್ಲಾಟ್ ತೆಗೆದುಕೊಂಡವನು. ಫೋನ್ ಮಾಡಿದಾಗಲೆಲ್ಲ "ಎ ಖಾತಾನಾ ಬಿ ಖಾತಾನಾ, ಅಷ್ಟು ಹೇಳು ಸಾಕು" ಅನ್ನುತ್ತಾನೆ. ಮಾರಾಯ, ಅದು ಸಿಟಿ ಆಸ್ತಿಯ ದಾಖಲೆ, ನಾನು ನೋಡುತ್ತಿರುವುದು ಗ್ರಾಮ ಪಂಚಾಯತಿ ಸೈಟ್. ಅಲ್ಲಿಯ ದಾಖಲೆ ಇ-ಸ್ವತ್ತು, ನಮೂನೆ 9, ನಮೂನೆ 11. ಹನ್ನೊಂದರಲ್ಲೂ 11ಎ ಬೇರೆ, 11ಬಿ ಬೇರೆ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ, ಊರು ತಪ್ಪು ಅಷ್ಟೇ.

ಮಲೆನಾಡಿನ ಕಡೆಯ ಸಲಹೆ ಕೇಳಿದಿರೋ, ಇನ್ನೂ ಮಜಾ. ನನ್ನ ಹೆಂಡತಿಯ ದೊಡ್ಡಪ್ಪ ಸಾಗರದ ಕಡೆಯವರು, ಅಡಿಕೆ ತೋಟದವರು. "ಸಿಟಿಯಲ್ಲಿ ಯಾಕೋ ಸಾಯ್ತಿ, ನಮ್ಮ ಬೆಟ್ಟದಲ್ಲೇ ಒಂದು ಮನೆ ಕಟ್ಕ, ಯಾರು ಕೇಳ್ತಾರೆ" ಅಂದರು. ಪ್ರೀತಿಯಿಂದಲೇ ಅಂದಿದ್ದು. ಆದರೆ ಸೊಪ್ಪಿನಬೆಟ್ಟ ತೋಟದವರ ಸ್ವಂತದ್ದಲ್ಲ. ತೋಟಕ್ಕೆ ಸೊಪ್ಪು ತರಗೆಲೆ ತರುವ ಸವಲತ್ತು ಇವರದು, ನೆಲ ಸರ್ಕಾರದ್ದು. ನಾಲ್ಕು ತಲೆಮಾರು ಸೊಪ್ಪು ಕಡಿದವರಿಗೆ ಅದು "ನಮ್ಮ ಬೆಟ್ಟ" ಅನ್ನಿಸುವುದು ಸಹಜ. ಕಾಗದಕ್ಕೆ ಹಾಗೆ ಅನ್ನಿಸುವುದಿಲ್ಲ. ಹನ್ನೆರಡು ವರ್ಷ ಅನುಭವದಲ್ಲಿದ್ದರೆ ಜಾಗ ನಮ್ಮದೇ ಅನ್ನುವ ಮಾತೂ ಅವರದೇ. ಖಾಸಗಿಯವರ ಜಾಗಕ್ಕೆ ಹನ್ನೆರಡು, ಅದೂ ಮಾಲೀಕನಿಗೆ ಎದುರಾಗಿ, ಅವನಿಗೆ ಗೊತ್ತಾಗುವ ಹಾಗೆ ಕೂತಿದ್ದರೆ. ಸರ್ಕಾರದ ಜಾಗಕ್ಕೆ ಮೂವತ್ತು ವರ್ಷದ ಮಾತು, ಕೋರ್ಟಿನಲ್ಲಿ ಅದನ್ನು ಗೆಲ್ಲುವುದಂತೂ ಸುಲಭ ಅಲ್ಲ. ಇದನ್ನೆಲ್ಲ ಅವರೆದುರು ಹೇಳಲಿಲ್ಲ. ಹೇಳಿದರೆ ಊಟ ಸಿಗುವುದಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ಮುಳುಗಡೆಯಾಗಿ ಎದ್ದು ಬಂದ ಎಷ್ಟೋ ಕುಟುಂಬಗಳು ಕೊಟ್ಟ ಜಾಗಕ್ಕೆ ಹಕ್ಕುಪತ್ರ ಇಲ್ಲದೆ ಇವತ್ತಿಗೂ ಓಡಾಡುತ್ತಿವೆ. ಅನುಭವದಲ್ಲಿರುವುದು ಒಂದು, ಹೆಸರಿಗೆ ಆಗುವುದು ಒಂದು ಅಂತ ನಮ್ಮ ಜಿಲ್ಲೆಯವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ ಅಂದುಕೊಂಡಿದ್ದೆ.

ಇರಲಿ. ನನ್ನ ಸೈಟಿನ ವಿಷಯಕ್ಕೆ ಬರುತ್ತೇನೆ.

ಊರಾಚೆ, 30-40, ಪೂರ್ವಕ್ಕೆ ಮುಖ, ರಸ್ತೆಗೆ ಜಲ್ಲಿ ಹಾಕಿದ್ದರು. ಅಲಿನೇಷನ್ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸುವುದು) ಆಗಿದೆ, ನಕ್ಷೆಗೆ ಅನುಮೋದನೆ ಇದೆ ಅಂತ ಬ್ರೋಕರ್ ಒಂದು ಫೈಲ್ ಕೊಟ್ಟರು. ನಾಲ್ಕು ಜನಕ್ಕೆ ತೋರಿಸಿದೆ. ನಾಲ್ಕು ಜನವೂ ಫೈಲ್ ತಿರುವಿ ಹಾಕಿ, ಇಸಿ (ಋಣಭಾರ ಪತ್ರ, ಅಂದರೆ ಆ ಆಸ್ತಿಯ ಮೇಲೆ ರಿಜಿಸ್ಟರ್ ಆದ ವ್ಯವಹಾರಗಳ ಪಟ್ಟಿ) ಕ್ಲೀನ್ ಇದೆ, ಕಣ್ಣು ಮುಚ್ಚಿಕೊಂಡು ತಗೋ ಅಂದರು. ನಾನೂ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇಸಿ ತೆಗೆದು ನೋಡಿದೆ. ಕ್ಲೀನೇ. ಟೋಕನ್ ಕೊಟ್ಟೆ. (ನಗದಾಗಿ ಕೊಡು, ಎಲ್ಲರೂ ಹಾಗೇ ಕೊಡೋದು ಅಂತ ಒಬ್ಬರು ಹೇಳಿದ್ದರು. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅದೊಂದು ನನಗೆ ಗೊತ್ತಿತ್ತು. ಚೆಕ್ ಕೊಟ್ಟೆ. ಆಮೇಲೆ ಅದೇ ನನ್ನನ್ನು ಉಳಿಸಿತು.)

ನಮ್ಮ ಬಾಡಿಗೆ ಮನೆಯ ಎದುರಿಗೆ ಒಬ್ಬರು ಹಿರಿಯರಿದ್ದಾರೆ. ಸಬ್ ರಿಜಿಸ್ಟ್ರಾರ್ ಆಫೀಸಿನ ಹೊರಗೆ ಕೂತು ನಲವತ್ತು ವರ್ಷ ಪತ್ರ ಬರೆದವರು. ಎರಡು ವರ್ಷದಲ್ಲಿ ನನಗೆ ಒಂದು ಸಲಹೆಯನ್ನೂ ಕೊಡದವರು ಅವರೊಬ್ಬರೇ. ನಾನೇ ಸಂಭ್ರಮಕ್ಕೆ ಫೈಲ್ ತೆಗೆದುಕೊಂಡು ಹೋಗಿ ತೋರಿಸಿದೆ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ನೋಡಿದರು. ಚೆನ್ನಾಗಿದೆ ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ.

"ಇಸಿ ಯಾವ ವರ್ಷದಿಂದ ತೆಗೆಸಿದ್ದೀರಿ?"

2004ರಿಂದ ಅಂದೆ. ಆನ್‌ಲೈನಿನಲ್ಲಿ ಅಲ್ಲಿಂದಲೇ ಸಿಗುವುದು.

"ಅದಕ್ಕಿಂತ ಹಿಂದೆ ಭೂಮಿ ಇರಲಿಲ್ವಾ? ಮತ್ತೆ ಇದು ಸೈಟ್ ನಂಬರಿನ ಮೇಲೆ ತೆಗೆದದ್ದೋ, ಸರ್ವೇ ನಂಬರಿನ ಮೇಲೋ?"

ಅಷ್ಟೇ ಕೇಳಿದ್ದು. ನನ್ನ ಬಾಯಿ ಕಟ್ಟಿತು. ಸೈಟ್ ನಂಬರಿನ ಮೇಲೆ ನೋಡಿದರೆ ಲೇಔಟ್ ಆದ ಮೇಲಿನದು ಮಾತ್ರ ಕಾಣುತ್ತದೆ. ಲೇಔಟ್ ಆದದ್ದೇ ಮೊನ್ನೆ ಮೊನ್ನೆ. ಹುಟ್ಟಿದ ಮಗುವಿನ ಮೇಲೆ ಕೇಸ್ ಇದೆಯಾ ಅಂತ ನೋಡಿದ ಹಾಗೆ. ಇರುವುದಾದರೂ ಹೇಗೆ?

ಸರ್ವೇ ನಂಬರ್ ಹಾಕಿ 2004ಕ್ಕಿಂತ ಹಿಂದಿನ ಇಸಿಗೆ ಆಫೀಸಿನಲ್ಲೇ ಅರ್ಜಿ ಕೊಟ್ಟೆ. ಹಳೇ ಪುಸ್ತಕ ಹುಡುಕಿ ಕೈಯಲ್ಲಿ ಬರೆದು ಕೊಡಬೇಕು, ಮೂರು ಸಲ ಅಲೆದೆ. ಬಂತು. 1998ರಲ್ಲಿ ಆ ಜಮೀನು ಅಣ್ಣ, ತಮ್ಮ, ತಂಗಿ ಮೂವರಿಗೆ ಪಾಲಾಗಿತ್ತು. ವಿಭಾಗ ಪತ್ರ ರಿಜಿಸ್ಟರ್ ಆಗಿತ್ತು, ತಂಗಿಯ ಪಾಲಿಗೆ 12 ಗುಂಟೆ. ಆದರೆ ಪಹಣಿಗೆ ಅದು ಏರಲೇ ಇಲ್ಲ. ಮ್ಯುಟೇಶನ್ (ದಾಖಲೆಯಲ್ಲಿ ಹೆಸರು ಬದಲಾವಣೆ) ಮಾಡಿಸಿರಲಿಲ್ಲ, ಪಹಣಿ ಅಣ್ಣನ ಹೆಸರಲ್ಲೇ ಉಳಿದಿತ್ತು. 2006ರಲ್ಲಿ ಅಣ್ಣ ಪೂರ್ತಿ ಜಮೀನು ಮಾರಿದ್ದ. ತಂಗಿಯ ಸಹಿ ಎಲ್ಲೂ ಇಲ್ಲ. ಸರ್ವೇ ನಂಬರಿನ ಮೇಲೇ ಆದರೂ 2004ರಿಂದ ನೋಡಿದರೆ 2006ರ ಕ್ರಯ ಒಂದೇ ಕಾಣುತ್ತದೆ, ಮುತ್ತಿನ ಹಾಗೆ ಕ್ಲೀನ್.

ವಿಭಾಗ ಪತ್ರದ ನಕಲು ತೆಗೆಸಿ ತಂಗಿಯ ಪಾಲಿನ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಓದಿಸಿದೆ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಅಣ್ಣನ ಪಾಲು. ನನ್ನ ಸೈಟ್ ಹಳ್ಳದ ಕಡೆಯದು, ಅಂದರೆ ತಂಗಿಯ ಪಾಲಿನದು.

ಆ ಹಳ್ಳದ ಮಾತು ಬಂತಲ್ಲ, ಅದನ್ನೂ ಹೇಳಬೇಕು. ನಾನು ಸೈಟ್ ನೋಡಿದ್ದು ಮಾರ್ಚಿನಲ್ಲಿ. ನೆಲ ಒಣಗಿ ಬಿರುಕು ಬಿಟ್ಟಿತ್ತು. ಪತ್ರದವರು ಎರಡನೇ ಸಲ ಬಾಯಿ ಬಿಟ್ಟು, "ಆಷಾಢದಲ್ಲಿ ಒಂದು ಸಲ ಹೋಗಿ ನೋಡಿ" ಅಂದರು. ಜುಲೈನಲ್ಲಿ ಹೋದೆ. ಜಲ್ಲಿ ರಸ್ತೆ ಕಾಣಲಿಲ್ಲ. ನನ್ನ ಸೈಟಿನ ಗಡಿಕಲ್ಲಿನ ತಲೆ ಮಾತ್ರ ನೀರಿನ ಮೇಲೆ ಕಾಣುತ್ತಿತ್ತು, ಪಕ್ಕದಲ್ಲಿ ಎರಡು ಎಮ್ಮೆ ಆರಾಮಾಗಿ ಮಲಗಿದ್ದವು. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ಕಣ್ಣಾರೆ ಕಂಡವನು ನಾನು. ಆದರೂ ಪೂರ್ವ ದಿಕ್ಕು ಬಾಗಿಲು ಅಂತ ಖುಷಿಪಟ್ಟಿದ್ದೆ, ಇಳಿಜಾರು ಯಾವ ಕಡೆಗೆ ಅಂತ ನೋಡಿರಲಿಲ್ಲ. ವಾಸ್ತು ಹೇಳಿದವರು ಒಂಬತ್ತು ಜನ, ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದವರು ಒಬ್ಬರು.

ಟೋಕನ್ ವಾಪಸ್ ಕೇಳಿದೆ. ಐದು ತಿಂಗಳು ಸತಾಯಿಸಿ, ಹತ್ತು ಸಾವಿರ ಮುರಿದುಕೊಂಡು, ನಲವತ್ತು ಕೊಟ್ಟರು. ಚೆಕ್ಕಿನ ದಾಖಲೆ ಇರದಿದ್ದರೆ ಅದೂ ಇಲ್ಲ.

ಇದೆಲ್ಲ ಆದಮೇಲೆ ಒಂದು ವಿಚಿತ್ರ ಆಯಿತು. ನಮ್ಮ ಆಫೀಸಿನಲ್ಲಿ ಯಾವತ್ತೂ ಸೈಟಿನ ಮಾತಿಗೆ ಬಾಯಿ ಹಾಕದ ಒಬ್ಬರು, ಸಂಜೆ ಸ್ಕೂಟರ್ ತೆಗೆಯುವಾಗ ಹತ್ತಿರ ಬಂದು, ಮೆಲ್ಲಗೆ, ತಾವು ಜಿಪಿಎ (ಮಾಲೀಕ ಬರೆದುಕೊಡುವ ಅಧಿಕಾರ ಪತ್ರ) ಮೇಲೆ ಸೈಟ್ ತೆಗೆದುಕೊಂಡು ಆರು ಲಕ್ಷ ಕಳೆದುಕೊಂಡದ್ದನ್ನು ಹೇಳಿದರು. ಮನೆಯಲ್ಲಿ ಹೆಂಡತಿಗೂ ಪೂರ್ತಿ ಗೊತ್ತಿಲ್ಲವಂತೆ. ಜಿಪಿಎ ಮೇಲೆ ಮಾಡಿದ ಮಾರಾಟದಿಂದ ಒಡೆತನ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಎರಡು ವರ್ಷ ನಾನು ಊಟಕ್ಕೆ ಕೂತದ್ದು ಅವರ ಎದುರಿಗೇ. ಪಕ್ಕದ ಮೇಜಿನಲ್ಲಿ ಇನ್ನೊಬ್ಬರು "ಜಿಪಿಎ ಆದರೂ ತೊಂದರೆ ಇಲ್ಲ, ನಾನು ತಗೊಂಡಿಲ್ವಾ, ನನಗೇನಾಯ್ತು" ಅಂತ ಜೋರಾಗಿ ಹೇಳುತ್ತಿದ್ದಾಗ ಅವರು ಮಜ್ಜಿಗೆ ಕುಡಿಯುತ್ತಾ ಸುಮ್ಮನಿದ್ದರು. ಏನೂ ಆಗದವರದೇ ಗಂಟಲು ದೊಡ್ಡದು. ಆದವರು ನಾಚಿಕೆಗೆ ಮಾತಾಡುವುದಿಲ್ಲ. ನನಗೂ ಇದನ್ನು ಬರೆಯಲು ಏಳೆಂಟು ತಿಂಗಳು ಹಿಡಿಯಿತು, ಅದಕ್ಕೆ ಅವರ ಮೇಲೆ ಸಿಟ್ಟಿಲ್ಲ.

ಈಗ ಯಾರಾದರೂ ಸಲಹೆ ಕೊಟ್ಟರೆ ಪತ್ರದವರ ಹಾಗೇ ನಾನೂ ತಿರುಗಿ ಕೇಳುತ್ತೇನೆ. ನೀವು ತಗೊಂಡಿದ್ದು ಯಾವ ವರ್ಷ? ಪಂಚಾಯತಿಯೋ ಪಾಲಿಕೆಯೋ? ಮಂಜೂರಾದ ಜಮೀನಾ, ಹಿರಿಯರದಾ? ಬಹಳ ಜನಕ್ಕೆ ಈ ಪ್ರಶ್ನೆ ಇಷ್ಟ ಆಗುವುದಿಲ್ಲ. "ನಿಮಗೆ ಒಳ್ಳೇದಕ್ಕೆ ಹೇಳಿದ್ದು" ಅಂತ ಎದ್ದು ಹೋಗುತ್ತಾರೆ. ಹೋಗಲಿ.

ಬಾಡಿಗೆ ಮನೆಯಲ್ಲೇ ಇದ್ದೇವೆ. ಬಾಡಿಗೆ ದಂಡ ಅಂತ ಬಂದವರೆಲ್ಲ ಹೇಳುತ್ತಾರೆ. ಮೂವತ್ತು ಲಕ್ಷ ಸಾಲ, ಎಂಟೂವರೆ ಪರ್ಸೆಂಟ್, ಇಪ್ಪತ್ತು ವರ್ಷ ಅಂದರೆ ತಿಂಗಳಿಗೆ 26,000 ಕಂತು. ನಮ್ಮ ಬಾಡಿಗೆ 9,500. ಯಾವುದು ದಂಡ ಅಂತ ಹೆಂಡತಿ ಲೆಕ್ಕ ಹಾಕುತ್ತಿದ್ದಾಳೆ, ಇನ್ನೂ ಮುಗಿದಿಲ್ಲ.

ಮೊನ್ನೆ ಭಾನುವಾರ ಆ ಕಡೆ ಹೋಗಿದ್ದೆ. ಅದೇ ಸೈಟಿನಲ್ಲಿ ಪಾಯ ತೆಗೆದಿದ್ದಾರೆ. ಒಬ್ಬರು ಕೊಡೆ ಹಿಡಿದುಕೊಂಡು ಮೇಸ್ತ್ರಿ ಜೊತೆ ನಿಂತಿದ್ದರು. ಮನಸ್ಸು ತಡೆಯಲಿಲ್ಲ. ಗಾಡಿ ನಿಲ್ಲಿಸಿ, ಪರಿಚಯ ಹೇಳಿಕೊಂಡು, 1998ರ ಪತ್ರದ ವಿಷಯ ಮೆಲ್ಲಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಒಳ್ಳೆಯವರು, ಪಾಪ.

"ಎಲ್ಲ ನೋಡಿಸಿದ್ದೀವಿ ಸರ್, ಕ್ಲೀನ್ ಇದೆ" ಅಂದರು. ಆಮೇಲೆ ನನ್ನ ಹೆಗಲ ಮೇಲೆ ಕೈ ಇಟ್ಟು, "ನೀವೂ ಜಾಸ್ತಿ ಯೋಚನೆ ಮಾಡಬೇಡಿ. ಆ ಮೂಲೆ ಸೈಟ್ ಇನ್ನೂ ಖಾಲಿ ಇದೆ. ಏರ್‌ಪೋರ್ಟ್ ಇಲ್ಲೇ ಅಲ್ವಾ."