‘ಆಕಿ ಬಂದ್ರ ನಾ ಬರ್ತೀನ್ರಿ ಸರ’

ಪಾಲಕರ ಸಭೆ ಕರೆದಾಗಲೆಲ್ಲ ಯಾರಾದರೊಬ್ಬರು ಈ ಮಾತು ಆಡಿಯೇ ಆಡುತ್ತಾರೆ: ‘ನಮ್ಮ ಹುಡುಗ ಶ್ಯಾಣ್ಯಾ ಅದಾನ್ರಿ, ದೋಸ್ತರ ಸಂಗತೀಲೆ ಕೆಟ್ಟಾನ.’ ಪಕ್ಕದಲ್ಲಿ ಕುಳಿತ ದೋಸ್ತನ ಅಪ್ಪನೂ ಅದನ್ನೇ ಹೇಳಲು ತನ್ನ ಪಾಳಿ ಕಾಯುತ್ತಿರುತ್ತಾನೆ. ನಾನು ಜಮಖಂಡಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಹಾಜರಿ ಪುಸ್ತಕ ನೋಡಿ ನೋಡಿ ನನಗೆ ಅನಿಸಿದ್ದು ಬೇರೆ. ನಮ್ಮ ಅರ್ಧ ಮಕ್ಕಳನ್ನು ಶಾಲೆಗೆ ಎಳೆದು ತರುವವರೇ ಈ ದೋಸ್ತರು. ಗಣಿತಕ್ಕಾಗಿ ಯಾರೂ ಬರುವುದಿಲ್ಲ, ಬಿಡಿ.

ನಮ್ಮ ಕಡೆ ಊರಿಗಿಂತ ತೋಟದ ವಸ್ತಿಗಳೇ ಜಾಸ್ತಿ. 1989ರಲ್ಲಿ ರೈತರೇ ಸೇರಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ ಕಥೆ ಎಲ್ಲರಿಗೂ ಗೊತ್ತು. ನೀರು ಬಂತು, ಕಬ್ಬು ಬಂತು, ಜನ ಹೊಲದಲ್ಲೇ ಮನೆ ಕಟ್ಟಿಕೊಂಡರು. ಏಳನೇ ಕ್ಲಾಸಿನ ತನಕ ವಸ್ತಿಯ ಹತ್ತಿರವೇ ಶಾಲೆ ಇರುತ್ತದೆ. ಎಂಟನೇ ಕ್ಲಾಸಿಗೆ ಊರಿಗೆ ಬರಬೇಕು. ದಾರಿಯ ಎರಡೂ ಕಡೆ ಆಳೆತ್ತರದ ಕಬ್ಬು. ಹನ್ನೆರಡು ಹದಿಮೂರು ವರ್ಷದ ಹುಡುಗಿಯನ್ನು ಆ ದಾರಿಯಲ್ಲಿ ಒಬ್ಬಳನ್ನೇ ಯಾವ ತಾಯಿ ಕಳಿಸುತ್ತಾಳೆ ಹೇಳಿ?

ಅದಕ್ಕೇ ವಸ್ತಿಯ ಹುಡುಗಿಯರು ಜೋಡಿಯಲ್ಲೇ ಬರುತ್ತಾರೆ, ಜೋಡಿಯಲ್ಲೇ ಗೈರಾಗುತ್ತಾರೆ. ಹಾಜರಿ ಕರೆಯುವಾಗ ಒಂದು ಹೆಸರಿಗೆ ಉತ್ತರ ಬರಲಿಲ್ಲ ಎಂದರೆ ಇನ್ನೊಂದು ಹೆಸರು ಕರೆಯುವ ಮೊದಲೇ ನನ್ನ ಪೆನ್ನು ಗೈರು ಹಾಕಲು ತಯಾರಾಗಿರುತ್ತದೆ. ಒಬ್ಬಳಿಗೆ ಜ್ವರ ಬಂದರೆ ಇಬ್ಬರಿಗೂ ರಜೆ. ಇದಕ್ಕೆ ಅವರ ಓದಿನ ಆಸಕ್ತಿಯನ್ನು ಬೈದು ಏನು ಬಂತು?

ಕಳೆದ ವರ್ಷ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ದೀಪಾವಳಿ ರಜೆ ಮುಗಿದ ಮೇಲೆ ಬರಲೇ ಇಲ್ಲ. ನಮ್ಮ ಟೀಚರೊಬ್ಬರನ್ನು ಕರೆದುಕೊಂಡು ಮನೆಗೆ ಹೋದೆ. ಅಪ್ಪ ಎಮ್ಮೆಗೆ ಮೇವು ಹಾಕುತ್ತಿದ್ದ. ಓದು ಬಿಡಿಸುವ ವಿಚಾರವೇನೂ ಅವನಿಗಿರಲಿಲ್ಲ. ಜೋಡಿ ಬರುತ್ತಿದ್ದ ಗೆಳತಿಯನ್ನು ಸೋದರಮಾವನ ಊರಿನ ಶಾಲೆಗೆ ಹಾಕಿದ್ದರು, ಅಷ್ಟೇ. ‘ಒಬ್ಬಾಕಿನ್ನ ಹ್ಯಾಂಗ ಕಳಸೂದ್ರಿ ಸರ, ನೀವ ಹೇಳ್ರಿ’ ಎಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಗಿ ಬಾಗಿಲ ಸಂದಿಯಿಂದ ‘ಯಾರರ ಬಂದ್ರ ನಾ ಬರ್ತೀನ್ರಿ ಟೀಚರ್’ ಎಂದಳು.

ಮರುದಿನ ಟೀಚರ್ ಎಂಟನೇ ಕ್ಲಾಸಿನಲ್ಲಿ ವಿಚಾರಿಸಿದರು. ಆ ಕಡೆಯ ಇನ್ನೊಂದು ವಸ್ತಿಯಿಂದ ಒಬ್ಬಳು ತಮ್ಮನ ಜೊತೆ ಸೈಕಲ್ಲಿನಲ್ಲಿ ಬರುತ್ತಿದ್ದಳು. ಇವಳು ಕೆನಾಲಿನ ಸೇತುವೆ ತನಕ ಬಂದು ನಿಲ್ಲುವುದು, ಅಲ್ಲಿಂದ ಮೂವರೂ ಸೈಕಲ್ ತಳ್ಳಿಕೊಂಡು ನಡೆದು ಬರುವುದು ಎಂದು ಮಾತಾಯಿತು. ಯಾವ ಪ್ರೇರಣಾ ಭಾಷಣವೂ ಬೇಕಾಗಲಿಲ್ಲ. ಹುಡುಗಿ ಬಂದಳು. ಬೀಜಗಣಿತ ಇವತ್ತಿಗೂ ಅವಳಿಗೆ ಅಷ್ಟಕ್ಕಷ್ಟೇ. ಆದರೆ ಬರುತ್ತಾಳೆ, ನಗುತ್ತಾಳೆ, ಜಗಳ ಆಡುತ್ತಾಳೆ.

ಸೈಕಲ್ ಎಂದಾಗ ನೆನಪಾಯಿತು. 2006-07ರಲ್ಲಿ ಸರ್ಕಾರ ಸೈಕಲ್ ಕೊಡಲು ಶುರು ಮಾಡಿದ್ದು ಈ ಎಂಟನೇ ಕ್ಲಾಸಿನ ದಾರಿಗಾಗಿಯೇ. ಕೋವಿಡ್ ಹೊತ್ತಿಗೆ ಅದು ನಿಂತಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಬಸ್ಸು ಫ್ರೀ. ಒಳ್ಳೆಯದೇ. ಆದರೆ ಬಸ್ಸು ನಿಲ್ಲುವುದು ಡಾಂಬರು ರಸ್ತೆಯಲ್ಲಿ. ವಸ್ತಿಯಿಂದ ಅಲ್ಲಿಗೆ ಬರಲು ಮತ್ತೆ ಜೋಡಿ ಬೇಕು.

ಗಂಡುಹುಡುಗರ ಕಥೆ ಬೇರೆ. ಅವರಿಗೆ ದಾರಿಯ ಭಯ ಇಲ್ಲ, ದಾರಿಯೇ ಆಸೆ. ದೀಪಾವಳಿ ಹೊತ್ತಿಗೆ ಫ್ಯಾಕ್ಟರಿಗಳು ಕಬ್ಬು ನುರಿಸಲು ಶುರು ಮಾಡುತ್ತವೆ. ಎರಡು ಟ್ರೇಲರ್ ಎಳೆದುಕೊಂಡು, ಎದೆ ನಡುಗುವಂತೆ ಜಾನಪದ ಹಾಡು ಹಚ್ಚಿಕೊಂಡು ಟ್ರ್ಯಾಕ್ಟರ್‌ಗಳು ಶಾಲೆಯ ಮುಂದೆಯೇ ಹೋಗುತ್ತವೆ. ನಾನು ಬೋರ್ಡಿನ ಮೇಲೆ ಸಮಾಂತರ ಶ್ರೇಢಿ ಬರೆಯುತ್ತಿರುತ್ತೇನೆ. ಹಿಂದಿನ ಬೆಂಚು ಹಾಡಿನಿಂದಲೇ ಅದು ಯಾರ ಗಾಡಿ ಎಂದು ಗುರುತು ಹಿಡಿದಿರುತ್ತದೆ. ಡ್ರೈವರ್ ಪಕ್ಕ ಮಡ್‌ಗಾರ್ಡ್ ಮೇಲೆ ಕೂರುವುದು, ಅವನ ಜೊತೆ ಚಹಾ ಕುಡಿಯುವುದು, ಗಾಡಿ ತುಂಬಿಸಿ ಸಂಜೆಗೆ ರೊಕ್ಕ ಎಣಿಸುವುದು. ಅಲ್ಲಿ ಅವನು ದೊಡ್ಡವನು. ಕ್ಲಾಸಿನಲ್ಲಿ ಮಗ್ಗಿ ಬರದ ದಡ್ಡ. ನೀವೇ ಆಗಿದ್ದರೆ ಎಲ್ಲಿಗೆ ಹೋಗುತ್ತಿದ್ದಿರಿ?

ಇಂಥ ಹುಡುಗರು ಆಗಸ್ಟ್, ಸೆಪ್ಟೆಂಬರಿನಲ್ಲಿ ಒಂದು ದಿನವೂ ತಪ್ಪಿಸುವುದಿಲ್ಲ. ಆಗ ಕಬಡ್ಡಿ, ಖೋಖೋ ಇರುತ್ತದೆ. ಹೋಬಳಿ, ತಾಲ್ಲೂಕು ಮಟ್ಟ ಮುಗಿದ ಕೂಡಲೇ ನಾವು ಹತ್ತನೇ ಕ್ಲಾಸಿನ ಆಟದ ಪಿರಿಯಡ್ ಕಿತ್ತುಕೊಂಡು ಗಣಿತಕ್ಕೋ ವಿಜ್ಞಾನಕ್ಕೋ ಕೊಡುತ್ತೇವೆ. ನನಗೆ ಹಾಗೆ ಕೊಟ್ಟ ಪಿರಿಯಡ್ಡನ್ನು ನಾನು ವಾಪಸ್ ಕೊಟ್ಟಿದ್ದೇನೆ. ಸ್ಟಾಫ್ ರೂಮಿನಲ್ಲಿ ಇದಕ್ಕೆ ಜಗಳವೂ ಆಗಿದೆ. ‘ರಿಜಲ್ಟ್ ಬಿದ್ರ ಯಾರ್ ಉತ್ತರಾ ಕೊಡ್ತಾರ?’ ಎಂದು ಕೇಳಿದರು. ಮೈದಾನಕ್ಕಾದರೂ ಬಂದ ಹುಡುಗನನ್ನು ಕೈ ಹಿಡಿದು ಒಳಗೆ ಕೂರಿಸಬಹುದು. ಟ್ರ್ಯಾಕ್ಟರ್ ಮೇಲಿದ್ದವನನ್ನು ಏನು ಮಾಡುತ್ತೀರಿ?

ರಿಜಲ್ಟಿನ ಹೆದರಿಕೆ ಸುಳ್ಳಲ್ಲ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ 83.89 ಇದ್ದ ರಾಜ್ಯದ ಶೇಕಡಾವಾರು ಫಲಿತಾಂಶ ಗ್ರೇಸ್ ಅಂಕ ಕೊಟ್ಟ ಮೇಲೂ 73.40ಕ್ಕೆ ಇಳಿಯಿತು. ಆ ವರ್ಷ ಪರೀಕ್ಷೆ ಶುರುವಾಗಿದ್ದು ಮಾರ್ಚ್ 25ಕ್ಕೆ, ಸರಿಯಾಗಿ ಹೋಳಿ ಹುಣ್ಣಿಮೆಗೆ! ಬಾಗಲಕೋಟೆ ಜಿಲ್ಲೆಯಲ್ಲಿ ಹೋಳಿ ಎಂದರೆ ಗೊತ್ತಲ್ಲ, ಹಲಗಿ ಸಪ್ಪಳ ಒಂದು ದಿನಕ್ಕೆ ಮುಗಿಯುವುದಲ್ಲ. ಓಣಿಯ ದೋಸ್ತರೆಲ್ಲ ಹಲಗಿ ಬಡಿಯುವಾಗ ಒಬ್ಬನೇ ಪುಸ್ತಕ ಹಿಡಿದು ಕೂರು ಎಂದರೆ ದೊಡ್ಡವರಿಗೇ ಆಗುವುದಿಲ್ಲ.

ಅಲ್ಲಿಂದೀಚೆಗೆ ಮಕ್ಕಳನ್ನು ಅಂಕದ ಪ್ರಕಾರ ಗುಂಪು ಮಾಡಿ ಕೂರಿಸುವ ಹುಚ್ಚು ಎಲ್ಲ ಕಡೆ ಜಾಸ್ತಿಯಾಗಿದೆ. ಶಾಣ್ಯಾರು ಒಂದು ಕಡೆ, ದಡ್ಡರು ಒಂದು ಕಡೆ. ನನಗೆ ಇದು ಸುತಾರಾಂ ಒಪ್ಪಿಗೆ ಇಲ್ಲ. ನಾನು ಗೆಳತಿಯರನ್ನು ಗೆಳತಿಯರ ಹತ್ತಿರವೇ ಕೂರಿಸುತ್ತೇನೆ. ಗದ್ದಲ ಆಗುತ್ತದೆ, ಹೌದು. ಒಮ್ಮೆ ಆ ಗದ್ದಲಕ್ಕೆ ಕಿವಿ ಕೊಟ್ಟೆ. ಸಮೀಕರಣದಲ್ಲಿ ಪ್ಲಸ್ ಆ ಕಡೆ ಹೋದರೆ ಮೈನಸ್ ಯಾಕೆ ಆಗಬೇಕು ಎಂದು ಒಬ್ಬಳು ಪೆನ್ನು ಕಚ್ಚುತ್ತಾ ಕುಳಿತಿದ್ದಳು. ಪಕ್ಕದವಳು ಹೇಳಿದಳು: ‘ಏ ಹುಚ್ಚಿ, ತವರಮನ್ಯಾಗ ಮಗಳು, ಈಕ್ವಲ್ ದಾಟಿದ್ರ ಸೊಸಿ!’ ಇಬ್ಬರೂ ಬಿದ್ದು ಬಿದ್ದು ನಕ್ಕರು. ಗಣಿತದ ಪ್ರಕಾರ ಅದು ಸರಿಯಾದ ಕಾರಣ ಅಲ್ಲ. ಎರಡೂ ಕಡೆ ಅಷ್ಟನ್ನೇ ಕಳೆಯುತ್ತೇವೆ ಎಂದು ಬೋರ್ಡಿನ ಮೇಲೆ ಮತ್ತೆ ತೋರಿಸಿದೆ. ಆದರೆ ಟೆಸ್ಟಿನಲ್ಲಿ ಆ ಹುಡುಗಿ ಚಿಹ್ನೆ ತಪ್ಪಿಸಲಿಲ್ಲ.

ಈ ಸಲ ಎಂಟನೇ ಕ್ಲಾಸಿನ ದಾಖಲಾತಿಗೆ ನಾನೊಂದು ಬೇರೆ ಹಾಳೆ ಮಾಡಿದ್ದೇನೆ. ಯಾವ ವಸ್ತಿ, ಯಾವ ದಾರಿ, ಯಾರ ಜೋಡಿ ಬರುತ್ತೀಯ ಎಂಬ ಮೂರೇ ಕಾಲಂ. ‘ಇದನ್ನ ಯಾವ ಆಫೀಸಿಗೆ ಕಳಸೂದದರಿ?’ ಎಂದು ಹೆಡ್‌ಮಾಸ್ತರರು ಕೇಳಿದರು. ಯಾವ ಆಫೀಸಿಗೂ ಇಲ್ಲ ಎಂದೆ. ಇಬ್ಬರು ಹುಡುಗಿಯರು ಮೂರನೇ ಕಾಲಂ ಖಾಲಿ ಬಿಟ್ಟಿದ್ದಾರೆ. ಒಬ್ಬಳದು ಕೆನಾಲಿನ ಈಚೆ, ಇನ್ನೊಬ್ಬಳದು ಆಚೆ. ಸೋಮವಾರ ಇಬ್ಬರ ತಾಯಂದಿರನ್ನೂ ಶಾಲೆಗೆ ಬರಲು ಹೇಳಿದ್ದೇನೆ.