ಅನ್ನಮ್ಮನವರ ಮೊಮ್ಮಗ

ಜುಲೈ 26 ಯೇಸುಸ್ವಾಮಿಯ ಅಜ್ಜ ಅಜ್ಜಿಯರಾದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರನ್ನು ಧರ್ಮಸಭೆ ಸ್ಮರಿಸುವ ದಿನ. ಕೊಡಗಿನಲ್ಲಿ ಅದು ಕಕ್ಕಡ ತಿಂಗಳ ಕಾಲ. ಮಳೆ ಹಿಡಿದರೆ ಬಿಡುವುದಿಲ್ಲ, ಗದ್ದೆಗಳಲ್ಲಿ ನಾಟಿ ಭರದಿಂದ ಸಾಗಿರುತ್ತದೆ. ಆದರೂ ಆ ದಿನ ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯಕ್ಕೆ ಹೋಗದಿದ್ದರೆ ನನಗೆ ಮನಸ್ಸು ತಡೆಯುವುದಿಲ್ಲ. ಟಿಪ್ಪು ಸುಲ್ತಾನನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ ಅರಸರು ಆಶ್ರಯವಿತ್ತ ಊರಿದು. ಇಲ್ಲಿನ ಧರ್ಮಕೇಂದ್ರದ ಚರಿತ್ರೆ 1792ರಿಂದ ಆರಂಭವಾಗುತ್ತದೆ. ನೆಲೆ ಕಳೆದುಕೊಂಡು ಬಂದವರ ದೇವಾಲಯ ಒಬ್ಬ ಅಜ್ಜಿಯ ಹೆಸರಿನಲ್ಲಿ ನಿಂತಿರುವುದು ನನಗೆ ಬಹಳ ಆಪ್ತವಾಗಿ ಕಾಣುತ್ತದೆ.

ಅನ್ನಮ್ಮನವರ ಹೆಸರು ಬೈಬಲಿನಲ್ಲಿ ಯೇಸುವಿನ ಜೀವನವನ್ನು ಹೇಳುವ ನಾಲ್ಕು ಶುಭಸಂದೇಶಗಳಲ್ಲಿ ಎಲ್ಲಿಯೂ ಇಲ್ಲ. ಅದು ಪ್ರಾಚೀನ ಪರಂಪರೆಯಿಂದ ನಮಗೆ ದೊರೆತದ್ದು. ಆದರೆ ಮೆಸ್ಸೀಯರಾದ ಯೇಸುವಿಗೆ ತಾಯಿ ಇದ್ದಮೇಲೆ ಅಜ್ಜಿಯೂ ಇದ್ದೇ ಇರಬೇಕಲ್ಲವೇ? ವಿಶ್ವವನ್ನು ಸೃಷ್ಟಿಸಿದ ದೇವರಿಗೆ ಮನುಷ್ಯರಂತೆ ವಂಶ, ಮನೆತನ, ಬಂಧುಬಳಗವಿತ್ತು ಎಂಬ ಈ ಮಾತನ್ನು ನಾವು ಬಾಲ್ಯದಿಂದ ಕೇಳಿ ಕೇಳಿ ಬೆರಗುಪಡುವುದನ್ನೇ ಮರೆತಿದ್ದೇವೆ. ಆದಿಯ ಶತಮಾನಗಳ ವಿಶ್ವಾಸಿಗಳಿಗೆ ಇದನ್ನು ಒಪ್ಪುವುದು ಸುಲಭವಾಗಿರಲಿಲ್ಲ. ದೇವಪುತ್ರನಾದ ಯೇಸುವೂ ಒಂದು ಸೃಷ್ಟಿಯೇ ಎಂದ ಆರಿಯಸ್ ಎಂಬ ಪಾದ್ರಿಯ ಬೋಧನೆಯನ್ನು 325ರಲ್ಲಿ ಧರ್ಮಾಧ್ಯಕ್ಷರು ಸೇರಿದ ನೈಸೀಯದ ಮಹಾಸಭೆ ತಳ್ಳಿಹಾಕಿ, ಪುತ್ರನು ಪಿತನೊಡನೆ ಏಕಸತ್ವನು, ಅಂದರೆ ಒಂದೇ ದೈವಸ್ವರೂಪದವನು ಎಂದು ಸಾರಿತು. ಮರಿಯಮ್ಮನವರನ್ನು ದೇವಮಾತೆ ಎಂದು ಕರೆಯಬಹುದೇ ಎಂಬ ಪ್ರಶ್ನೆ ಎದ್ದಾಗ 431ರಲ್ಲಿ ಎಫೆಸದ ಮಹಾಸಭೆ ಕರೆಯಬಹುದೆಂದೇ ನಿರ್ಣಯಿಸಿತು. ಯೇಸುವಿನ ದೈವತ್ವ ಮರಿಯಮ್ಮನವರಿಂದ ಆರಂಭವಾಯಿತೆಂದಲ್ಲ, ಅವರು ಹೆತ್ತ ವ್ಯಕ್ತಿ ಸಾಕ್ಷಾತ್ ದೇವಪುತ್ರನೇ ಆಗಿದ್ದನೆಂಬ ಕಾರಣಕ್ಕೆ. ಕೊನೆಗೆ 451ರಲ್ಲಿ ಖಾಲ್ಸಿದೋನಿನ ಮಹಾಸಭೆ, ಯೇಸು ಪರಿಪೂರ್ಣ ದೇವರೂ ಹೌದು, ಪರಿಪೂರ್ಣ ಮನುಷ್ಯರೂ ಹೌದು, ಒಬ್ಬರೇ ವ್ಯಕ್ತಿಯಲ್ಲಿರುವ ಆ ಎರಡು ಸ್ವಭಾವಗಳು ಬೆರೆತು ಕಲಸಿಹೋಗುವುದಿಲ್ಲ, ಬದಲಾಗುವುದಿಲ್ಲ, ಒಡೆದು ಬೇರೆಯಾಗುವುದೂ ಇಲ್ಲ ಎಂದು ಸ್ಪಷ್ಟಪಡಿಸಿತು.

ಇದು ಪಂಡಿತರ ವಾಗ್ವಾದವಷ್ಟೇ ಎಂದು ನನಗೆ ಎಂದೂ ಅನ್ನಿಸಿಲ್ಲ. ಒಮ್ಮೆ ಈ ಹಬ್ಬದ ಬಲಿಪೂಜೆಗೆ ಮುನ್ನ ನನ್ನ ಮುಂದಿನ ಬೆಂಚಿನಲ್ಲಿ ಒಬ್ಬ ಅಜ್ಜಿ ಮೊಮ್ಮಗನಿಗೆ ಶಿಲುಬೆಯ ಗುರುತು ಹಾಕುವುದನ್ನು ಕಲಿಸುತ್ತಿದ್ದರು. ಸೀರೆಯ ಅಂಚು ಮಳೆಗೆ ನೆನೆದು ಕಾಲಿಗೆ ಅಂಟಿಕೊಂಡಿತ್ತು, ಉಗುರುಸಂದಿಯಲ್ಲಿ ಗದ್ದೆಯ ಕೆಸರು ಇನ್ನೂ ಉಳಿದಿತ್ತು. ಹಣೆ, ಎದೆ ಸರಿಯಾಗಿ ಮುಟ್ಟಿದ ಹುಡುಗ ಭುಜದ ಬಳಿ ತಪ್ಪಿ ಬಲಕ್ಕೇ ಮೊದಲು ಹೋಗುತ್ತಿದ್ದ. ಅಜ್ಜಿ ಪ್ರತಿ ಸಲವೂ ಅವನ ಕೈ ಹಿಡಿದು ಎಡಭುಜಕ್ಕೆ ತರುತ್ತಿದ್ದರು. ಯೇಸು ಜ್ಞಾನದಲ್ಲಿಯೂ ಪ್ರಾಯದಲ್ಲಿಯೂ ಬೆಳೆಯುತ್ತಾ ಬಂದರೆಂದು ಲೂಕನು ಬರೆದಿದ್ದಾನೆ. ಹಾಗಾದರೆ ಅವರ ಕೈಯನ್ನೂ ಯಾರೋ ಹೀಗೆಯೇ ಹಿಡಿದು ತಿದ್ದಿರಬೇಕು, ಪ್ರಾರ್ಥನೆಯ ಮಾತುಗಳನ್ನು ಹೇಳಿಕೊಟ್ಟಿರಬೇಕು. ಅನ್ನಮ್ಮನವರು ಅವರನ್ನು ಎತ್ತಿ ಆಡಿಸಿದರೇ ಎಂಬುದು ಶುಭಸಂದೇಶದಲ್ಲಿಲ್ಲ, ನಾನೂ ಕಲ್ಪಿಸಿ ಹೇಳಲಾರೆ. ಆದರೆ ಯೇಸು ನಿಜವಾಗಿಯೂ ಕಲಿತರು, ಕಲಿಯುವಂತೆ ನಟಿಸಲಿಲ್ಲ. ನನ್ನ ಭಕ್ತಿ ನಿಂತಿರುವುದು ಈ ಮಾತಿನ ಮೇಲೆ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದು ಮನೆ ತೋಟಗಳು ಕೊಚ್ಚಿಹೋದಾಗ, ದೇವರು ಎಲ್ಲಿದ್ದಾನೆಂದು ಕೇಳದವರು ನಮ್ಮಲ್ಲಿ ಕಡಿಮೆ. ಆ ದಿನಗಳಲ್ಲಿ ನಾನು ಮತ್ತೆ ಮತ್ತೆ ತೆರೆದದ್ದು ಯೊವಾನ್ನನ ಶುಭಸಂದೇಶದ 11ನೇ ಅಧ್ಯಾಯವನ್ನು. ಸತ್ತುಹೋಗಿದ್ದ ಗೆಳೆಯ ಲಾಜರನನ್ನು ತಾವು ಎಬ್ಬಿಸಲಿದ್ದೇವೆಂದು ಯೇಸುವಿಗೆ ಗೊತ್ತಿತ್ತು. ಆದರೂ ಲಾಜರನ ಸಹೋದರಿ ಮರಿಯಳೂ ಅವಳೊಡನೆ ಬಂದವರೂ ಅಳುವುದನ್ನು ಕಂಡು ಅವರು ಕಣ್ಣೀರಿಟ್ಟರು. ಆಮೇಲೆ ಸಮಾಧಿಯ ಮುಂದೆ ನಿಂತು, ಸತ್ತವನನ್ನು ಹೆಸರು ಹಿಡಿದು ಕರೆದರು. ಅತ್ತವರೂ ಕರೆದವರೂ ಒಬ್ಬರೇ. ಬರಿಯ ಮನುಷ್ಯರಾಗಿದ್ದರೆ ನಮ್ಮೊಡನೆ ಅತ್ತು ಹಿಂದಿರುಗುತ್ತಿದ್ದರು. ಮನುಷ್ಯರೇ ಆಗದಿದ್ದಲ್ಲಿ ಆ ಕಣ್ಣೀರಿಗೆ ಅರ್ಥವೇ ಇರುತ್ತಿರಲಿಲ್ಲ. ಸೆರೆಯಾಗುವ ಮುನ್ನ ಗೆತ್ಸೆಮನೆಯ ತೋಪಿನಲ್ಲಿ, ಯಾತನೆಯ ಈ ಪಾತ್ರೆ ತಮ್ಮಿಂದ ದೂರವಾಗಲೆಂದು ಪಿತನನ್ನು ಬೇಡಿಕೊಂಡಾಗಲೂ ಅವರ ಅಂಜಿಕೆ ನಮ್ಮ ಅಂಜಿಕೆಯೇ ಆಗಿತ್ತು.

ಪುನರುತ್ಥಾನದ ನಂತರವೂ ಅವರ ಕೈಗಳಲ್ಲಿ ಮೊಳೆಯ ಗುರುತುಗಳಿದ್ದವು. ಅವನ್ನು ಕಂಡೇ ಶಿಷ್ಯ ತೋಮಸನು "ನನ್ನ ಸ್ವಾಮಿಯೇ, ನನ್ನ ದೇವರೇ" ಎಂದನು. ಅವರು ಸ್ವೀಕರಿಸಿದ ಮಾನವ ದೇಹವನ್ನು ಸ್ವರ್ಗಕ್ಕೆ ಏರುವಾಗ ತ್ಯಜಿಸಲಿಲ್ಲ, ಇಂದಿಗೂ ತ್ಯಜಿಸಿಲ್ಲ ಎಂಬುದು ನಮ್ಮ ವಿಶ್ವಾಸ. ಆದ್ದರಿಂದ ದಿನವಿಡೀ ಬಾಗಿ ನಾಟಿ ನೆಟ್ಟು ಬೆನ್ನು ನೊಂದವರಿಗಾಗಿ, ಮಳೆಗಾಲ ಬಂತೆಂದರೆ ಗುಡ್ಡದ ಕಡೆ ನೋಡಿ ನಿದ್ದೆಗೆಡುವವರಿಗಾಗಿ ಪ್ರಾರ್ಥಿಸುವಾಗ ನಾನು ಸಂಕೋಚಪಡುವುದಿಲ್ಲ. ನಜರೇತಿನಲ್ಲಿ ಬಡಗಿಯಾಗಿ ದುಡಿದು, ದೋಣಿಯಲ್ಲಿ ದಣಿದು ಮಲಗಿ, ಭಯವೆಂದರೇನೆಂದು ಬಲ್ಲ ದೇವರಿಗೇ ಅದನ್ನು ಹೇಳುತ್ತಿದ್ದೇನೆ.