ಚೆಂದದ ಹೂವಿಗೂ ಬಹುಮಾನ ಯಾಕಿಲ್ಲ?

ಇಂಗ್ಲೆಂಡಿನ ಹೂವಿನ ಪ್ರದರ್ಶನಗಳಲ್ಲಿ ಸೇವಂತಿಗೆ ಮೇಜಿನ ಮುಂದೆ ಜನ ಜಾಸ್ತಿ ಕೇಳುವುದು ಇದನ್ನೇ. ಉತ್ತರ ಪಕ್ಕದ ಚೀಟಿಯಲ್ಲೇ ಇರುತ್ತದೆ: ಎನ್‌ಎಎಸ್. ಅಂದರೆ ಶೆಡ್ಯೂಲ್‌ನಲ್ಲಿ, ಅಂದರೆ ಯಾವ ಸ್ಪರ್ಧೆಗೆ ಏನು ಇಡಬೇಕು ಎಂದು ಹೇಳುವ ಪ್ರದರ್ಶನದ ಪಟ್ಟಿಯಲ್ಲಿ, ಕೇಳಿದ ಹಾಗಿಲ್ಲ. ಐದು ಹೂ ಕೇಳಿದ ಕಡೆ ಆರು ಇಟ್ಟರೆ ಮುಗಿಯಿತು, ಹೂ ಎಷ್ಟೇ ಚೆನ್ನಾಗಿದ್ದರೂ ತೀರ್ಪುಗಾರರು ಅದನ್ನು ಪಕ್ಕಕ್ಕಿಟ್ಟು ಮುಂದೆ ಹೋಗುತ್ತಾರೆ. ಒಂದೇ ತಳಿ ಎಂದಿದ್ದರೆ ಒಂದೇ ತಳಿ, ಅಷ್ಟೇ.

ಎಣಿಕೆ ಸುಲಭ, ಆಕಾರದ್ದೇ ತಲೆನೋವು. ಅಲ್ಲಿನ ರಾಷ್ಟ್ರೀಯ ಸೇವಂತಿಗೆ ಸಂಘ ಹೂಗಳನ್ನು ಆಕಾರ, ಅರಳುವ ಕಾಲ ನೋಡಿ ವಿಂಗಡಿಸಿ ನಂಬರ್ ಕೊಟ್ಟಿದೆ, ಶೆಡ್ಯೂಲ್ ಕೇಳುವುದೂ ಆ ನಂಬರಿನ ಹೂವನ್ನೇ. ಬೇಗ ಅರಳುವವುಗಳಲ್ಲಿ 23 ಅಂದರೆ ಎಸಳು ಒಳಕ್ಕೆ ಬಾಗಿ ಚೆಂಡಿನಂತಾಗುವುದು, 24 ಹೊರಕ್ಕೆ ಬಾಗುವುದು, 25 ಇವೆರಡರ ನಡುವಿನದು. ಈ 25 ಇದೆಯಲ್ಲ, ಅದೇ ಜಗಳದ ಮೂಲ. ಒಳಬಾಗಿದ ಹೂವಿನ ಬುಡದ ಎಸಳು ಸ್ವಲ್ಪ ಸಡಿಲವಾದರೆ ನೋಡುವವರಿಗೆ ಅದೂ 25ರಂತೆ ಕಾಣುತ್ತದೆ. ಆದರೆ ವರ್ಗ ತೀರ್ಮಾನವಾಗುವುದು ತಳಿಯ ಮೇಲೆ, ಆ ದಿನದ ಹೂವಿನ ಮುಖ ನೋಡಿ ಅಲ್ಲ. ನನಗಂತೂ ಇದು ಸರಿ ಅನಿಸುತ್ತದೆ, ಇಲ್ಲದಿದ್ದರೆ ಸೋತ ಹೂವನ್ನೆಲ್ಲ 25ಕ್ಕೆ ತಳ್ಳುತ್ತಿದ್ದರು, ಅಲ್ವಾ?

ಇನ್ನು ತೀರ್ಪುಗಾರರು ಬಗ್ಗಿ ಹೂವಿನ ಹಿಂಭಾಗ ನೋಡುವುದು ಸುಮ್ನೆ ಅಲ್ಲ. ವಯಸ್ಸು ಮೊದಲು ಗೊತ್ತಾಗುವುದು ಅಲ್ಲೇ. ಕೆಳಗಿನ ಎಸಳು ಮೆತ್ತಗಾಗಿ ತುದಿ ಕಂದಿರುತ್ತದೆ. ಕೆಟ್ಟ ಒಂದೆರಡು ಎಸಳನ್ನು ಚಿಮಟದಿಂದ ಕಿತ್ತು ತರುವವರಿದ್ದಾರೆ. ಸಂದು ಕಾಣದಿದ್ದರೆ ಸರಿ, ಕಂಡರೆ ಅಂಕ ಹೋಗುತ್ತದೆ.